ಕೆ-ಏಳು ಸಾಹೇಬರು

ನಾಲ್ಕು ಬೇಸಿಗೆ ನಾನು ಕೆ-ಏಳರ ಮಾತು ಕೇಳಿಕೊಂಡು ನೌಕರಿ ಮಾಡಿದೆ. ಅದು ಏನು, ಎಲ್ಲಿಂದ ಬಂತು, ಯಾಕೆ ಅಲ್ಲಿ ಕೂತಿದೆ ಎಂದು ಒಮ್ಮೆಯೂ ಬೆನ್ನುಹತ್ತಿ ಕೇಳಲಿಲ್ಲ. ಹೀಗೆ ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆಗುತ್ತದೆ ಕೂಡ. ಆದರೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರನ್ನು ನಾಚಿಕೆಯೂ ನಿಧಾನವಾಗಿ, ಸೂಕ್ತ ಮಾರ್ಗದ ಮೂಲಕವೇ ತಲುಪುತ್ತದೆ.

ಯಾವ ಕಚೇರಿ ಎಂದು ಕೇಳಬೇಡಿ. ವಿಜಯಪುರದಲ್ಲಿ ನೀರಿಗೆ ಬರ ಬಂದೀತು, ಕಚೇರಿಗಳಿಗೆ ಬರವಿಲ್ಲ; ಅವುಗಳಲ್ಲಿ ಒಂದು ಎಂದುಕೊಳ್ಳಿ. ನನ್ನ ನಿವೃತ್ತಿಗೆ ಇನ್ನೂ ಆರು ವರ್ಷವಿದೆ. ಇಷ್ಟು ಹೇಳಬಲ್ಲೆ: ಬೇಸಿಗೆಯಲ್ಲಿ ತಿಕೋಟಾ, ಬಬಲೇಶ್ವರದ ಕಡೆಯ ವಸ್ತಿಗಳಿಗೆ ಕುಡಿಯುವ ನೀರಿನ ಟ್ಯಾಂಕರು ವಾರಕ್ಕೆ ಎಷ್ಟು ಟ್ರಿಪ್ಪು ಹೋಗಬೇಕೆಂಬ ಪಟ್ಟಿ ನನ್ನ ಟೇಬಲ್ಲಿನಿಂದ ಹೊರಡುತ್ತದೆ. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವ ಹತ್ತಿಪ್ಪತ್ತು ಕುಟುಂಬಗಳ ಗುಂಪಿಗೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ. ನಳ ಊರಿನವರೆಗೆ ಬರುತ್ತದೆ, ವಸ್ತಿಗೆ ಬರುವುದಿಲ್ಲ. ವಸ್ತಿಗೆ ಬರುವುದು ಎರಡೇ: ಟ್ಯಾಂಕರು ಮತ್ತು ಚುನಾವಣೆ.

ಆ ಪಟ್ಟಿ ಇರುವುದು ಕಂಪ್ಯೂಟರಿನ ಲೆಕ್ಕದ ಶೀಟಿನಲ್ಲಿ. ನೋಡದವರಿಗಾಗಿ ಹೇಳುತ್ತೇನೆ: ಚೌಕಾಬಾರದ ಹಾಸಿನಂತೆ ಸಾಲು ಸಾಲಾಗಿ ಮನೆಗಳು. ಮೇಲೆ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಅಂಕಿಗಳು. ಅಕ್ಷರಕ್ಕೆ ಅಂಕಿ ಜೋಡಿಸಿದರೆ ಅದು ಆ ಮನೆಯ ವಿಳಾಸ. ಒಂದು ಮನೆಯಲ್ಲಿ ಸೂತ್ರ ಬರೆದಿಟ್ಟರೆ ಅದು ಬೇರೆ ಮನೆಗಳ ಬಾಗಿಲು ತಟ್ಟಿ, ಅಂಕಿ ಕೇಳಿ ತಂದು, ಲೆಕ್ಕ ಮಾಡಿ ಉತ್ತರ ಹೇಳುತ್ತದೆ. ನಮ್ಮ ಸೂತ್ರ ಹೀಗಿತ್ತು: ಸಿ-ಹದಿನೆಂಟನ್ನು ಕೆ-ಐದರಿಂದ ಗುಣಿಸು, ಕೆ-ಆರರಿಂದ ಭಾಗಿಸು, ಕೆ-ಏಳರಿಂದ ಗುಣಿಸು. ಓದಿದರೆ ಜೈಲಿನಲ್ಲಿ ಕೈದಿಗಳ ಹಾಜರಿ ಕರೆದ ಹಾಗೆ ಕೇಳುತ್ತದೆ. ಸಿ ಅಕ್ಷರದ ಕೆಳಗಿನ ಮನೆಗಳಲ್ಲಿ ಇದ್ದದ್ದು ಒಂದೊಂದು ವಸ್ತಿಯ ಜನಸಂಖ್ಯೆ. ಕೆ-ಐದು ಎಂದರೆ ತಲೆಗೆ ವಾರಕ್ಕೆ ಇಷ್ಟು ಲೀಟರು, ಕೆ-ಆರು ಎಂದರೆ ಟ್ಯಾಂಕರಿನ ಅಳತೆ ಎಂದು ನಾನೇ ತರ್ಕಿಸಿಕೊಂಡೆ. ಕೆ-ಏಳರಲ್ಲಿ ಮಾತ್ರ ೦.೮ ಎಂದಿತ್ತು. ಅದರ ಅಕ್ಕಪಕ್ಕ ಒಂದಕ್ಷರ ಬರಹವಿಲ್ಲ. ಅದರಿಂದ ಗುಣಿಸಿದರೆ ಐದು ಟ್ರಿಪ್ಪು ಬರಬೇಕಾದಲ್ಲಿ ನಾಲ್ಕು ಬರುತ್ತದೆ. ಅದೂ ಎಲ್ಲರಿಗೂ ಅಲ್ಲ. ಪಟ್ಟಿಯ ಮೇಲಿನ ವಸ್ತಿಗಳಿಗೆ ಕೆ-ಏಳರ ಕಾಟವಿರಲಿಲ್ಲ. ಕೊನೆಯ ಹನ್ನೊಂದು ವಸ್ತಿಗಳಿಗೆ ಮಾತ್ರ ಇತ್ತು.

ಗೊತ್ತಿಲ್ಲದ ವಸ್ತುವಿನ ಸುತ್ತ ಶಾಸ್ತ್ರ ಬೆಳೆಯಲು ಬಹಳ ಕಾಲ ಬೇಡ. ಪಕ್ಕದ ಟೇಬಲ್ಲಿನ ಮುಧೋಳ ಅವರು, ಸೂತ್ರದಲ್ಲಿ ಕೆ-ಗೂ ಏಳಕ್ಕೂ ಮುಂದೆ ಒಂದೊಂದು ಡಾಲರ್ ಚಿಹ್ನೆ ಇರುವುದನ್ನು ಕಂಡುಹಿಡಿದರು. “ರೂಪಾಯಿ ಅಲ್ಲ, ಡಾಲರ್ ಐತಿ ನೋಡ್ರಿ. ಇದು ಹೊರದೇಶದ ಯೋಜನಾದ ಷರತ್ತು. ನಾವು ಮುಟ್ಟೂ ಹಂಗಿಲ್ಲ,” ಎಂದು ತೀರ್ಪು ಕೊಟ್ಟರು. ಡಾಲರ್ ಹಾಕಿದರೆ ವಿಳಾಸ ಅಲುಗಾಡುವುದಿಲ್ಲ, ಮೊಳೆ ಹೊಡೆದಂತೆ ನಿಲ್ಲುತ್ತದೆ ಎಂಬುದಷ್ಟೇ ಅದರ ಅರ್ಥ. ಅದು ನನಗೆ ಗೊತ್ತಿತ್ತು. ಆದರೂ ಮುಧೋಳರ ವಿವರಣೆಯಲ್ಲಿ ಒಂದು ಗಾಂಭೀರ್ಯವಿದ್ದುದರಿಂದ ಸುಮ್ಮನಾದೆ. ನಮ್ಮ ಸಾಹೇಬರು ಅದು ಟ್ಯಾಂಕರಿನಿಂದ ದಾರಿಯಲ್ಲಿ ಆವಿಯಾಗುವ ನೀರಿನ ಲೆಕ್ಕ ಎಂದರು. ಹಾಗಾದರೆ ಹನ್ನೊಂದೇ ವಸ್ತಿಗಳ ದಾರಿಯಲ್ಲಿ ಯಾಕೆ ಆವಿಯಾಗುತ್ತದೆ ಎಂದು ಕೇಳಿದೆ. “ಆ ಕಡಿ ಬಿಸಲ ಜಾಸ್ತಿ ಇರಬೇಕ್ರಿ,” ಎಂದರು. ನನ್ನ ಪಾಲಿನ ಶಾಸ್ತ್ರವೂ ಇತ್ತು. ಯಾರು ಕೇಳಿದರೂ ನಾನು ‘ಗುಣಾಂಕ’ ಎನ್ನುತ್ತಿದ್ದೆ. ಬಹಳ ಉಪಯುಕ್ತ ಪದ. ಅದನ್ನು ಕೇಳಿದ ಮೇಲೆ ಎರಡನೆಯ ಪ್ರಶ್ನೆ ಕೇಳಿದವರನ್ನು ನಾನು ಕಂಡಿರಲಿಲ್ಲ.

ಕಾಶೀಬಾಯಿ ಕೇಳಿದಳು. ಬಬಲೇಶ್ವರದ ಆಚೆ ಬನ್ನಿಗಿಡದ ವಸ್ತಿಯಾಕೆ. ಅರವತ್ತರ ಹತ್ತಿರದ ವಯಸ್ಸು, ತೆಳ್ಳನೆ ಆಳು, ತಲೆಯ ಮೇಲಿನ ಸೆರಗು ಎಂಥ ಗಾಳಿಗೂ ಜಾರದು. ಸೋಮವಾರ ನಮ್ಮಲ್ಲಿ ಅಹವಾಲು ಕೇಳುವ ದಿನ. ಮೊದಲ ಸಲ ಬಂದಾಗ ಆಕೆ ನನ್ನ ಟೇಬಲ್ಲಿನ ಎದುರು ನಿಂತು, ನಮ್ಮ ಕಡೆ ನೌಕರಿಯ ಹೆಂಗಸರನ್ನು ಕರೆಯುವಂತೆ ‘ಬಾಯಾರ’ ಎಂದು ಕರೆದು, ನೇರವಾಗಿ ವಿಷಯಕ್ಕೆ ಬಂದಳು.

“ಬಾಯಾರ, ಹುಣಸೀಗಿಡದ ವಸ್ತ್ಯಾಗೂ ಹದಿನೆಂಟ ಮನಿ, ನಮ್ಮಲ್ಲೂ ಹದಿನೆಂಟ ಮನಿ. ಅವರಿಗೆ ಐದ ಟ್ಯಾಂಕರ, ನಮಗ ನಾಕ. ಯಾಕ್ರಿ?”

“ಅದು ಸೂತ್ರದಾಗ ಹಂಗ ಬರ್ತೈತ್ರಿ. ಗುಣಾಂಕ ಅಂತ ಇರ್ತೈತಿ.”

“ಯಾರ ಹಾಕ್ಯಾರ ಅದನ್ನ?”

ನಾನು ಶೀಟಿನತ್ತ ನೋಡಿದೆ. “ಕೆ-ಏಳರಾಗ ಐತ್ರಿ,” ಎಂದೆ.

ಆಕೆ ದನಿ ತಗ್ಗಿಸಿ ಕೇಳಿದಳು: “ಕೆ-ಏಳು ಸಾಹೇಬರು ಯಾವಾಗ ಬರ್ತಾರ್ರಿ? ಒಮ್ಮೆ ಅವರನ್ನ ಭೆಟ್ಟಿ ಆಗಿ ಹೋಗ್ತೇನಿ.”

ನಾನು ಬಾಯಿ ತೆರೆಯುವ ಮೊದಲೇ ಮುಧೋಳರು ಫೈಲಿನಿಂದ ತಲೆ ಎತ್ತದೆ, “ಅವರು ಮೀಟಿಂಗಿನ್ಯಾಗ ಅದಾರ,” ಎಂದುಬಿಟ್ಟರು. ಕಾಶೀಬಾಯಿ ತಲೆಯಾಡಿಸಿ ಹೋದಳು. ಕರೆದು ತಿದ್ದಬಹುದಿತ್ತು, ತಿದ್ದಲಿಲ್ಲ. ಮುಂದಿನ ಬೇಸಿಗೆ ಬಂದಳು, ಅದರ ಮುಂದಿನ ಬೇಸಿಗೆಯೂ ಬಂದಳು. ಒಂದು ಸಲ ಕೆ-ಏಳು ಸಾಹೇಬರು ರಜೆಯ ಮೇಲಿದ್ದರು, ಇನ್ನೊಂದು ಸಲ ತರಬೇತಿಗೆ ಹೋಗಿದ್ದರು. ನಮ್ಮ ಕಚೇರಿಯ ಉಳಿದ ಸಾಹೇಬರುಗಳಿಗೂ ಅವರಿಗೂ ನಡತೆಯಲ್ಲಿ ಏನೂ ವ್ಯತ್ಯಾಸವಿಲ್ಲದ್ದರಿಂದ ಆಕೆಗೆ ಸಂಶಯ ಬರಲಿಲ್ಲ.

ಇದೆಲ್ಲ ಹೀಗೇ ನಡೆಯುತ್ತಿತ್ತೋ ಏನೋ. ಈ ವರ್ಷ ಒಂದು ಭಾನುವಾರ ತೊರವಿಗೆ, ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಭಾರತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳು ಅಲ್ಲಿಯ ಒಂದು ಕಾಲೇಜಿನಲ್ಲಿ ಪರೀಕ್ಷಾ ವಿಭಾಗದ ಕೆಲಸ ನೋಡುತ್ತಾಳೆ. ಊಟದ ನಂತರ ಪರೀಕ್ಷೆಗೆ ಯಾವ ಕೋಣೆಗೆ ಎಷ್ಟು ಬೆಂಚು ಬೇಕೆಂಬ ಶೀಟು ತೆರೆದು ಕೂತಿದ್ದಳು. ಇಣುಕಿ ನೋಡಿದೆ. ಅವಳ ಸೂತ್ರದಲ್ಲಿ ಕೈದಿಗಳೇ ಇರಲಿಲ್ಲ. ‘ವಿದ್ಯಾರ್ಥಿಗಳು’ ಭಾಗಿಸು ‘ಬೆಂಚಿಗೆ_ಇಬ್ಬರು’ ಎಂದು ಬರೆದಿತ್ತು. ಓದಿದೆ, ತಿಳಿಯಿತು. ತಿಳಿದದ್ದಕ್ಕೆ ಗಾಬರಿಯಾಯಿತು. ಸೂತ್ರ ಎಂದರೆ ತಿಳಿಯಬಾರದ್ದು ಎಂದೇ ನಾನು ನಂಬಿದ್ದೆ.

“ಇದೇನ ಮಾಟ ಭಾರತಿ?”

“ಮಾಟ ಎಲ್ಲಿದ ಬಿಡ್ರಿ ಅಕ್ಕಾ. ಮನಿಗೆ ಹೆಸರ ಇಟ್ಟೇನಿ,” ಎಂದು ತೋರಿಸಿದಳು. ಶೀಟಿನ ಎಡಗಡೆ ಮೇಲೆ, ವಿಳಾಸ ತೋರಿಸುವ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಮನೆಯ ಮೇಲೆ ಕ್ಲಿಕ್ ಮಾಡಿ, ಆ ಪೆಟ್ಟಿಗೆಯಲ್ಲಿ ಹೆಸರು ಬರೆದು ಎಂಟರ್ ಒತ್ತಿದರೆ ನಾಮಕರಣ ಮುಗಿಯಿತು. ಅಂದಿನಿಂದ ಸೂತ್ರದಲ್ಲಿ ಆ ಹೆಸರನ್ನೇ ಬರೆಯಬಹುದು. ಪುರೋಹಿತರು ಬೇಡ, ತೊಟ್ಟಿಲು ಬೇಡ. ಅಷ್ಟು ವರ್ಷ ಆ ಪೆಟ್ಟಿಗೆಯನ್ನು ದಿನಾ ನೋಡಿದ್ದೆ. ಮುಟ್ಟಿದರೆ ಏನಾದರೂ ಕೆಟ್ಟೀತೆಂದು ಮುಟ್ಟಿರಲಿಲ್ಲ.

ನಾನು ಕೆ-ಏಳರ ಕತೆ ಹೇಳಿದೆ. ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. “ಅಕ್ಕಾ, ಹೆಸರಿಡಬೇಕಂದ್ರ ಅದು ಏನಂತ ಮೊದಲ ಗೊತ್ತಿರಬೇಕು. ನಿಮಗ ಗೊತ್ತಿಲ್ಲದ್ದಕ್ಕ ನೀವು ಹೆಸರಿಡಾಕ ಬರೂದಿಲ್ಲ. ಅದ ಅದರ ಉಪಯೋಗ ನೋಡ್ರಿ.”

ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ. ಹೆಸರಿನ ವಿಷಯದಲ್ಲಿ ನಮ್ಮ ಸೀಮೆ ಬಡದೇನಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದು ಅಡುಗೆಮನೆಯ ಸಾಮಾನೆಲ್ಲ ನಮ್ಮಲ್ಲಿ ಮನೆತನಗಳಾಗಿವೆ. ಊರಿನ ಹಳೆಯ ಬಾವಡಿಗಳಿಗೆ, ನೀರು ಇರಲಿ ಬಿಡಲಿ, ಒಂದೊಂದು ಹೆಸರಿದೆ. ನನ್ನ ತವರು ಬಬಲೇಶ್ವರದ ಹತ್ತಿರ. ಅಲ್ಲಿ ನಮ್ಮ ಅಜ್ಜನ ಹೊಲಗಳಿಗೆ ಸರ್ವೆ ನಂಬರು ಇದ್ದೇ ಇತ್ತು. ಆದರೆ ಬುತ್ತಿ ಹೊತ್ತು ಹೊರಟ ಯಾವ ಹೆಣ್ಣುಮಗಳೂ ಸರ್ವೆ ನಂಬರಿಗೆ ಹೋದವಳಲ್ಲ. ಮಡ್ಡಿ ಹೊಲಕ್ಕೆ ಹೋಗುತ್ತಿದ್ದಳು, ಬಾಂದಿನ ಹೊಲಕ್ಕೆ ಹೋಗುತ್ತಿದ್ದಳು. ಒಂದು ಕಿರಿದಾದ ತುಂಡಿಗೆ ‘ಜಗಳದ ಪಟ್ಟಿ’ ಎಂದೇ ಹೆಸರು. ಅಜ್ಜ ಮತ್ತು ಅವನ ತಮ್ಮ ಅದಕ್ಕಾಗಿ ಬಡಿದಾಡಿ, ಕೊನೆಗೆ ಇಬ್ಬರೂ ಅಲ್ಲಿ ಬಿತ್ತುವುದನ್ನೇ ಬಿಟ್ಟಿದ್ದರು. ಪಹಣಿಯಲ್ಲಿ ಎಷ್ಟು ಹುಡುಕಿದರೂ ಸಿಗದ ಇತಿಹಾಸ ಆ ಎರಡು ಪದದಲ್ಲಿತ್ತು.

ಹಾಗೆಯೇ ಹೆಸರು ಹೇಳದಿರುವ ವಿದ್ಯೆಯಲ್ಲೂ ನಾವು ಪಳಗಿದವರು. ನನ್ನ ಅವ್ವನ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುತ್ತಿರಲಿಲ್ಲ. ಮದುವೆಯಲ್ಲಿ ಬಹಳ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಒಮ್ಮೆ ಹೇಳಿ ಮುಖ ಮುಚ್ಚಿಕೊಳ್ಳುತ್ತಿದ್ದರು. ನನ್ನ ಅಪ್ಪನ ಹೆಸರು ಚಂದ್ರಾಮ. ಅವ್ವ ರೇಷನ್ ಕಾರ್ಡು ಮಾಡಿಸಲು ಹೋದಾಗ ಗುಮಾಸ್ತ ಗಂಡನ ಹೆಸರು ಕೇಳಿದ. ಅವ್ವ ಕಿಟಕಿಯಾಚೆ ಮುಗಿಲಿನತ್ತ ಬೆರಳು ಮಾಡಿದಳು. ಮಟಮಟ ಮಧ್ಯಾಹ್ನ. ಆತ ‘ಸೂರ್ಯಕಾಂತ’ ಎಂದು ಬರೆದುಕೊಂಡ. ಮುಂದೆ ಬಹಳ ವರ್ಷ ನಮ್ಮ ಮನೆಗೆ ಸಕ್ಕರೆ, ಚಿಮಣಿ ಎಣ್ಣೆ ಸೂರ್ಯಕಾಂತನ ಹೆಸರಿನಲ್ಲಿ ಬಂದವು. ಅಪ್ಪ ಎರಡೂ ಹೆಸರಿಗೆ ಓಗೊಡುವುದನ್ನು ಕಲಿತ. ಆ ಗುಮಾಸ್ತನನ್ನು ನೆನೆದು ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಟೇಬಲ್ಲಿನ ಈಚೆ ಕಡೆ ಕೂತವಳು ನಾನೇ ಎಂಬುದು ಬಸ್ಸು ಇಳಿಯುವಾಗ ಹೊಳೆಯಿತು.

ಸೋಮವಾರ ಶೀಟು ತೆರೆದು ಕೆ-ಐದಕ್ಕೂ ಕೆ-ಆರಕ್ಕೂ ಹೆಸರಿಟ್ಟೆ. ಕೆ-ಏಳಕ್ಕೆ ಬಂದಾಗ ಕೈ ನಿಂತಿತು. ಭಾರತಿ ಹೇಳಿದ್ದು ಸರಿಯಾಗಿತ್ತು. ನನಗೆ ಗೊತ್ತಿದ್ದ ಶಾಸ್ತ್ರಗಳಲ್ಲಿ ಒಂದೂ ಆ ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ.

ಆ ಶೀಟು ಮಾಡಿದವರು ಗುರುಪಾದಪ್ಪನವರು. ನನಗಿಂತ ಮೊದಲು ಅದೇ ಟೇಬಲ್ಲಿನಲ್ಲಿದ್ದರು. ಬೇರೆ ಕಡೆ ವರ್ಗವಾಗಿ, ನಿವೃತ್ತರಾಗಿ, ಈಗ ಕಾಖಂಡಕಿಯಲ್ಲಿದ್ದಾರೆ. ಆ ಶನಿವಾರ ಬಸ್ಸು ಹತ್ತಿ ಹೋದೆ. ಅವರು ನನ್ನನ್ನು ಕಂಡು ಬಹಳ ಸಂತೋಷಪಟ್ಟರು. ನಿವೃತ್ತರಾದವರನ್ನು ಹುಡುಕಿಕೊಂಡು ಕಚೇರಿಯವರು ಬರುವುದು ಅಪರೂಪ.

“ಮನಿಯಾಕಿ ಮಗಳ ಊರಿಗೆ ಹೋಗ್ಯಾಳ. ಚಹಾ ನಾನ ಮಾಡ್ತೇನಿ, ಕೂಡ್ರಿ,” ಎಂದು ಒಳಗೆ ಹೋದರು. ಕಟ್ಟೆಯ ಮೇಲೆ ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿಗಳಿದ್ದವು. ಒಂದೊಂದನ್ನೂ ತೆರೆದು, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಮೊದಲನೆಯದು ಉಪ್ಪು, ಎರಡನೆಯದು ಸೋಡಾ. ಮೂರನೆಯದಕ್ಕೆ ಅವರ ಮುಖ ಅರಳಿತು. ಈ ಮನುಷ್ಯ ಮಾಡಿದ ಶೀಟಿನಿಂದ ನಾನು ನಾಲ್ಕು ವರ್ಷ ನೀರು ಹಂಚಿದ್ದೆ.

“ಕೆ-ಏಳಾ?” ಅವರು ಹಣೆ ಉಜ್ಜಿಕೊಂಡರು. “ಹೌದ ಹೌದ. ಅದು ಕರಿಕಲ್ಲ ವಸ್ತಿದು. ಒಂದ ಬ್ಯಾಸಗ್ಯಾಗ ಅಲ್ಲಿ ದ್ರಾಕ್ಷಿ ತೋಟದವರೊಬ್ಬರು, ನಮ್ಮ ಬೋರಿನ ನೀರ ವಸ್ತಿ ಮಂದಿಗೆ ಬಿಡ್ತೇವಿ ಅಂದ್ರು. ಐದ್ರಾಗ ಒಂದ ಟ್ರಿಪ್ ಉಳದ್ರ ಬ್ಯಾರೆಯವರಿಗೆ ಆಗ್ತೈತಂತ ಕಡಿಮಿ ಮಾಡಿದೆ. ಆ ವರ್ಷಕ್ಕಷ್ಟ ಮತ್ತ. ಮುಂದ ಆ ಬೋರ್ ಬತ್ತೇತಿ ಅಂತ ಕೇಳೇನಿ.”

“ಮತ್ತ ಕೆ-ಏಳರಾಗ ಯಾಕ ಬರದ್ರಿ?”

“ಅಲ್ಲಿ ಖಾಲಿ ಇತ್ತಲ್ರಿ.”

ಖಾಲಿ ಇತ್ತು ಎಂಬ ಒಂದೇ ಅರ್ಹತೆಯ ಮೇಲೆ ಎಷ್ಟೋ ನೇಮಕಗಳಾಗುವುದನ್ನು ನೋಡಿದ್ದೇನೆ. ಹಾಗಾಗಿ ಆಶ್ಚರ್ಯಪಡಲಿಲ್ಲ. “ಯಾಕ ಅಂತ ಎಲ್ಲೂ ಬರದಿಡಲಿಲ್ಲೇನ್ರಿ?” ಎಂದೆ.

ಅವರಿಗೆ ಬೇಸರವಾಯಿತು. “ಬರದಿದ್ದೆನಲ್ರಿ! ಗುಲಾಬಿ ಚೀಟಿ. ‘ಕೆ-ಏಳು ಬರೂ ವರ್ಷ ತಗೀಬೇಕು’ ಅಂತ ದಪ್ಪ ಅಕ್ಷರದಾಗ ಬರದು ಮಾನಿಟರಿಗೆ ಅಂಟಿಸಿದ್ದೆ. ನೀವು ನೋಡಲಿಲ್ಲೇನು?”

ನಾನು ಹೇಗೆ ನೋಡಲಿ? ನಾನು ಬಂದ ವಾರವೇ ಆ ಹಳೆಯ ಮಾನಿಟರು ರದ್ದಿಗೆ ಹೋಗಿ ಹೊಸದು ಬಂದಿತ್ತು. ಸೋಮವಾರ ಕಚೇರಿಯಲ್ಲಿ ನಿರುಪಯುಕ್ತ ಸಾಮಗ್ರಿಗಳ ಫೈಲು ತೆಗೆಸಿ ನೋಡಿದೆ. ನಮ್ಮವರ ಕೆಲಸದಲ್ಲಿ ಲೋಪವಿಲ್ಲ. ಅಚ್ಚುಕಟ್ಟಾಗಿ ದಾಖಲಾಗಿತ್ತು: ‘ಮಾನಿಟರ್ ಒಂದು, ಎದುರಿಗೆ ಗುಲಾಬಿ ಚೀಟಿ ಅಂಟಿದೆ.’ ಮೂವರು ಸಹಿ ಮಾಡಿದ್ದರು. ಚೀಟಿಯಲ್ಲಿ ಏನಿದೆ ಎಂದು ಓದುವುದು ಮೂವರ ಕರ್ತವ್ಯದಲ್ಲೂ ಇರಲಿಲ್ಲ.

ಆದರೆ ಇದು ಸೋಮವಾರದ ಮಾತಾಯಿತು. ಕಾಖಂಡಕಿಯಲ್ಲಿ ನಾನು ಹನ್ನೊಂದು ವಸ್ತಿಗಳ ಮಾತು ಎತ್ತಿದಾಗ, ಗುರುಪಾದಪ್ಪನವರು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ ಇನ್ನೊಂದು ಮಾತು ಹೇಳಿದ್ದರು.

“ಹನ್ನೊಂದ ವಸ್ತಿಗೆ ಹೆಂಗ ಬಂತ್ರಿ ಅದು? ನಾ ಬರದಿದ್ದು ಒಂದಕ್ಕ. ನನ್ನ ಪಟ್ಟ್ಯಾಗ ಕರಿಕಲ್ಲ ವಸ್ತಿನ ಕಡೀದು. ಅದರ ಕೆಳಗ ಏನೂ ಇರಲಿಲ್ಲ.”

ಕೆಳಗೆ ಏನೂ ಇರಲಿಲ್ಲ, ನಿಜ. ಉಳಿದ ಹತ್ತು ವಸ್ತಿಗಳನ್ನು ಸೇರಿಸಿದವಳು ನಾನು. ಬಂದ ಮೊದಲ ವಾರ, ಹೊಸ ವಸ್ತಿಗಳನ್ನು ಪಟ್ಟಿಗೆ ಹಾಕಿ ಎಂದು ಆದೇಶ ಬಂದಿತ್ತು. ಹತ್ತು ಹೆಸರು, ಹತ್ತು ಜನಸಂಖ್ಯೆ ಬರೆದೆ. ಸೂತ್ರವನ್ನು ಹತ್ತು ಸಲ ಯಾರು ಬರೆಯುತ್ತಾರೆ? ಕೊನೆಯ ಸಾಲಿನ ಸೂತ್ರದ ಮೂಲೆಯಲ್ಲಿರುವ ಚುಕ್ಕೆಯನ್ನು ಹಿಡಿದು ಸರ್ರನೆ ಕೆಳಗೆ ಎಳೆದೆ. ಹತ್ತು ಉತ್ತರ ಒಮ್ಮೆಲೇ ಬಂದವು. ಮುಧೋಳರು, “ಮೇಡಂ ಕಂಪ್ಯೂಟರ್ ಭಾರಿ ಬಲ್ಲವರು,” ಎಂದಿದ್ದರು. ನಾನು ಆ ದಿನ ಮನೆಗೆ ಹೋಗಿ ಅದನ್ನು ಎರಡು ಸಲ ಹೇಳಿಕೊಂಡಿದ್ದೆ. ಡಾಲರ್ ಮೊಳೆ ಹೊಡೆದ ಕೆ-ಏಳು ಹತ್ತೂ ಮನೆಗಳಿಗೆ ನನ್ನ ಕೈಯಿಂದಲೇ ಇಳಿದಿತ್ತು. ಆ ಹತ್ತರಲ್ಲಿ ಮೊದಲನೆಯದು ಬನ್ನಿಗಿಡದ ವಸ್ತಿ.

ಗುರುಪಾದಪ್ಪನವರಿಗೆ ಹೇಳಿದೆ. ಅವರು ಬಸಿ ಕೆಳಗಿಟ್ಟರು. ಆಮೇಲೆ, “ನಂದೂ ತಪ್ಪೈತಿ. ಚೀಟಿ ಅಂಟಿಸೂಕಿಂತ ಅಲ್ಲೇ ಬರದಿದ್ರ ಮುಗೀತಿತ್ತು,” ಎಂದರು. ಬಸ್ ನಿಲ್ದಾಣದವರೆಗೆ ಬಂದು ಕಳಿಸಿದರು. ದಾರಿಯುದ್ದಕ್ಕೂ ಇಬ್ಬರೂ ಬೇರೆ ವಿಷಯ ಮಾತಾಡಿದೆವು.

ಕೆ-ಏಳರಲ್ಲಿ ಸದ್ದಿಲ್ಲದೆ ೦.೮ರ ಬದಲು ೧ ಎಂದು ಬರೆದು ಮುಗಿಸಬಹುದಿತ್ತು. ಮನಸ್ಸು ಆ ಕಡೆ ವಾಲಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಟ್ರಿಪ್ಪು ಹೆಚ್ಚಾದರೆ ಸಾಹೇಬರ ಸಹಿ ಬೇಕು, ಸಹಿಗೆ ಕಾರಣ ಬೇಕು, ಕಾರಣ ಹೇಳಿದರೆ ನನ್ನ ಹೆಸರು ಬರಬೇಕು. ಅದಕ್ಕೆ ಮೊದಲು ನಾಮಕರಣ ಮಾಡಿದೆ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ನಮ್ಮ ಕಚೇರಿಯ ಕಂಪ್ಯೂಟರಿಗೆ ಅಷ್ಟರಮಟ್ಟಿನ ರಾಜಿ ಬೇಕಿತ್ತು. ಈ ಹೆಸರುಗಳಿಗೂ ನಿಯಮಗಳಿವೆ. ನಡುವೆ ಜಾಗ ಬಿಡುವಂತಿಲ್ಲ, ಅಡಿಗೆರೆ ಎಳೆಯಬೇಕು. ಅಂಕಿಯಿಂದ ಶುರು ಮಾಡುವಂತಿಲ್ಲ. ಸುಳ್ಳು ಹೇಳುವಂತಿಲ್ಲ ಎಂಬ ನಿಯಮ ಮಾತ್ರ ಇಲ್ಲ; ಅದನ್ನು ನಾವೇ ಹಾಕಿಕೊಳ್ಳಬೇಕು. ಕೆ-ಏಳಕ್ಕೆ ‘ಬತ್ತಿದ_ಬೋರು’ ಎಂದು ಬರೆದು ಎಂಟರ್ ಒತ್ತಿದೆ. ಹನ್ನೊಂದು ಸಾಲುಗಳ ಸೂತ್ರವನ್ನೂ ಹೆಸರು ಹಾಕಿ ಮತ್ತೆ ಬರೆದೆ. ಈ ಸಲ ಎಳೆಯಲಿಲ್ಲ, ಒಂದೊಂದಾಗಿ ಬರೆದೆ. ಅದು ಪ್ರಾಯಶ್ಚಿತ್ತವೆಂದೇನಲ್ಲ, ಭಯ.

ಪ್ರತಿ ತೆಗೆದು ಸಾಹೇಬರ ಮುಂದಿಟ್ಟೆ. ಅವರು ಓದಿದರು: ಜನ, ಗುಣಿಸು ತಲೆಗೆ_ಲೀಟರು, ಭಾಗಿಸು ಟ್ಯಾಂಕರಿನ_ಅಳತೆ, ಗುಣಿಸು ಬತ್ತಿದ_ಬೋರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಏನ್ರಿ ಇದು?”

“ಸೂತ್ರ ಸರ್. ಮೊದಲಿಂದ ಇದ್ದದ್ದ.”

“ಮೊದಲಿಂದು ಹಿಂಗ ಇರಲಿಲ್ಲ.”

“ಅದ ಐತ್ರಿ. ಹೆಸರ ಇಟ್ಟೇನಿ ಅಷ್ಟ,” ಎಂದು ನಡೆದದ್ದನ್ನೆಲ್ಲ ಹೇಳಿದೆ, ನಾನು ಎಳೆದದ್ದನ್ನೂ.

ಅವರು ನನ್ನನ್ನು ಬೈಯಲಿಲ್ಲ. ಅವರ ಚಿಂತೆಯೇ ಬೇರೆ. “ಮೇಡಂ, ಇದನ್ನ ಓದಿದ್ರ ಯಾರಿಗರೆ ತಿಳೀತದಲ್ರಿ! ಮ್ಯಾಲ ಕಳಸೂದು ಹೆಂಗ? ನಾಳೆ ಮ್ಯಾಲಿನವರು, ಬತ್ತಿದ ಬೋರಿನ ನೀರ ಎಣಿಸಿ ನಾಕ ವರ್ಷ ಟ್ಯಾಂಕರ್ ಕಡಿಮಿ ಮಾಡೀರಾ ಅಂತ ಕೇಳಿದ್ರ?”

“ಮಾಡೇವಲ್ರಿ ಸರ್.”

“ಮಾಡೂದು ಬ್ಯಾರೆ, ಬರಿಯೂದು ಬ್ಯಾರೆ.” ಅವರು ಹಾಳೆಯನ್ನು ನನ್ನ ಕಡೆ ಸರಿಸಿದರು. “ಬೇಕಂದ್ರ ‘ಸ್ಥಳೀಯ ಸಮನ್ವಯ ಗುಣಾಂಕ’ ಅಂತ ಹಾಕ್ರಿ. ಇಲ್ಲಾಂದ್ರ ಮೊದಲಿನಂಗ ಕೆ-ಏಳ ಮಾಡ್ರಿ. ಈ ಬ್ಯಾಸಗಿ ಮುಗೀಲಿ, ನೋಡೂಣು.”

ಅವರು ಕೆಟ್ಟವರಲ್ಲ. ನನ್ನ ಗುಣಾಂಕ ಅವರವರೆಗೂ ತಲುಪಿದೆಯಲ್ಲ ಎಂದು ನನಗೇ ಪಿಚ್ಚೆನಿಸಿತು. ಟೇಬಲ್ಲಿಗೆ ಬಂದು ಕೂತೆ. “ಆರ ವರ್ಷ ಸುಮ್ಮಕಿದ್ರ ಪೆನ್ಶನ್ ಬರ್ತೈತ್ರಿ ಮೇಡಂ,” ಎಂದು ಮುಧೋಳರು ಹಿತವಾಗಿ ಹೇಳಿದರು. ಆ ವಾರವಿಡೀ ದಿನಕ್ಕೊಮ್ಮೆ ಹೆಸರು ಅಳಿಸಲು ಶೀಟು ತೆರೆದೆ, ದಿನಕ್ಕೊಮ್ಮೆ ಹಾಗೇ ಮುಚ್ಚಿದೆ. ಇದನ್ನು ಧೈರ್ಯ ಎನ್ನಬೇಡಿ. ಕೆಲಸ ಮುಂದಕ್ಕೆ ಹಾಕುವುದರಲ್ಲಿ ನಾನು ಮೊದಲಿನಿಂದಲೂ ನಿಪುಣೆ.

ಮುಂದಿನ ಸೋಮವಾರ ಅಹವಾಲಿಗೆ ಬಂದವರಲ್ಲಿ ಕಾಶೀಬಾಯಿಯೂ ಇದ್ದಳು. ದೊಡ್ಡ ಕೋಣೆ, ನಲವತ್ತು ಜನ, ಎದುರಿಗೆ ಸಾಹೇಬರು, ಪಕ್ಕದಲ್ಲಿ ನಾನು. ಆಕೆ ಎದ್ದು ನಿಂತು ಅದೇ ಪ್ರಶ್ನೆ ಕೇಳಿದಳು: ಹದಿನೆಂಟು ಮನೆಗೆ ಅಲ್ಲಿ ಐದು, ಇಲ್ಲಿ ನಾಲ್ಕು, ಯಾಕೆ? ಸಾಹೇಬರು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, “ಮೇಡಂ, ಸೂತ್ರ ತಿಳಿಸಿ ಹೇಳ್ರಿ,” ಎಂದರು. ಅಷ್ಟು ವರ್ಷ ನಾನು ತಿಳಿಸಿ ಹೇಳಿದ ಮೇಲೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲವಾದ್ದರಿಂದ ಅವರಿಗೆ ನನ್ನ ಮೇಲೆ ನಂಬಿಕೆ.

ಎದುರಿಗಿದ್ದ ಹಾಳೆಯನ್ನು ಓದಿದೆ. “ನಿಮ್ಮ ವಸ್ತಿ ಮಂದಿ, ಗುಣಿಸು ತಲೆಗೆ ಇಷ್ಟು ಲೀಟರ್, ಭಾಗಿಸು ಟ್ಯಾಂಕರಿನ ಅಳತಿ, ಗುಣಿಸು ಬತ್ತಿದ ಬೋರು.”

“ಕಡೇದ್ದ ಇನ್ನೊಮ್ಮೆ ಅನ್ರಿ,” ಎಂದಳು ಕಾಶೀಬಾಯಿ.

“ಬತ್ತಿದ ಬೋರು.”

“ಯಾರ ಬೋರ್ರಿ? ನಮ್ಮ ವಸ್ತ್ಯಾಗ ಬೋರ ಇಲ್ಲಲ್ಲ.”

“ಕರಿಕಲ್ಲ ವಸ್ತೀದು.”

“ಆ ದ್ರಾಕ್ಷಿ ತೋಟದವರದಾ? ಅದು ಬತ್ತಿ ನಾಕ ಬ್ಯಾಸಗಿ ಆತು! ಅವರ ಬೋರ್ ಬತ್ತಿದ್ರ ನಮ್ಮ ನೀರ ಯಾಕ ಕಡೀತೀರಿ?”

ಕೋಣೆಯಲ್ಲಿ ಗುಸುಗುಸು ಎದ್ದಿತು. ಸಾಹೇಬರು, “ಅದು ಒಂದು ತಾಂತ್ರಿಕ ಕಾರಣದಿಂದ,” ಎಂದು ಆರಂಭಿಸಿದರು.

“ನಾನ ಎಳದೆನ್ರಿ,” ಎಂದೆ. ಎಳೆಯುವುದು ಎಂದರೆ ಏನೆಂದು ಆಮೇಲೆ ಹೇಳಿದೆ: ಒಂದು ವಸ್ತಿಗೆ ಹಾಕಿದ ಲೆಕ್ಕ, ನೋಡದೆ ಎಳೆದದ್ದರಿಂದ ಇನ್ನೂ ಹತ್ತು ವಸ್ತಿಗಳಿಗೆ ಬಿದ್ದಿತು, ನಾಲ್ಕು ಬೇಸಿಗೆ ಯಾರೂ ನೋಡಲಿಲ್ಲ.

ಕಾಶೀಬಾಯಿ ಬೆರಳಿನ ಗೆಣ್ಣು ಎಣಿಸಿದಳು. ಕೂಗಾಡುತ್ತಾಳೆ ಎಂದು ಕಾದೆ, ಕೂಗಾಡಲಿಲ್ಲ. “ಎರಡನೇ ಬ್ಯಾಸಗ್ಯಾಗ ನನ್ನ ಸೊಸಿ ಬಾಣಂತಿ ಇದ್ದಳ್ರಿ,” ಎಂದಳು. “ಕೂಸಿನ ಅರಿವಿ ಒಗ್ಯಾಕ ನಾ ಅರ್ಧ ಹರದಾರಿ ನೀರ ಹೊತ್ತೇನಿ. ಮ್ಯಾಲಿನವರಿಗೆ ನಮ್ಮ ಮ್ಯಾಲ ಏನರೆ ಸಿಟ್ಟ ಇರಬೇಕಂತ ತಿಳಕೊಂಡಿದ್ದೆ.”

“ಸಿಟ್ಟ ಏನಿಲ್ರಿ ಯವ್ವಾ,” ಎಂದೆ.

“ಸಿಟ್ಟ ಇದ್ದಿದ್ರ ಚೊಲೊ ಇತ್ತಲ್ರಿ. ಸಿಟ್ಟ ಇಳೀತೈತಿ.”

ನಲವತ್ತು ಜನ ಸಾಹೇಬರ ಕಡೆ ತಿರುಗಿದರು. ಅವರು ಹನ್ನೊಂದು ವಸ್ತಿಗಳಿಗೂ ಪೂರ್ತಿ ಟ್ರಿಪ್ಪು ಕೊಡಲು ಅಲ್ಲೇ ಆದೇಶ ಮಾಡಿದರು. ಆದರೆ ಕೆ-ಏಳನ್ನು ಸೂತ್ರದಿಂದ ತೆಗೆಯಲಾಗಲಿಲ್ಲ. ಸೂತ್ರ ಬದಲಿಸಲು ಮೇಲಿನ ಅನುಮೋದನೆ ಬೇಕು. ಅಂಕಿ ಬದಲಿಸಲು ಬೇಡ. ಆದ್ದರಿಂದ ಅಲ್ಲಿ ೧ ಎಂದು ಬರೆದೆವು. ಈಗಲೂ ಹನ್ನೊಂದು ವಸ್ತಿಗಳ ನೀರು ವಾರ ವಾರ ಬತ್ತಿದ ಬೋರಿನಿಂದ ಗುಣಿಸಲ್ಪಟ್ಟು, ಏನೂ ಆಗದೆ ಹೊರಗೆ ಬರುತ್ತದೆ.

ನನಗೆ ಕಾರಣ ಕೇಳಿ ನೋಟಿಸು ಬಂತು. ನಾಲ್ಕು ಬೇಸಿಗೆ ನೀರು ಕಡಿತವಾದದ್ದು ಯಾಕೆ ಎಂದು ಅದರಲ್ಲಿ ಕೇಳಿರಲಿಲ್ಲ. ಸೂತ್ರದ ಸ್ವರೂಪವನ್ನು ಪೂರ್ವಾನುಮತಿಯಿಲ್ಲದೆ ಸರ್ವರಿಗೂ ಅರ್ಥವಾಗುವಂತೆ ಮಾರ್ಪಡಿಸಿದ್ದು ಯಾಕೆ ಎಂದು ಕೇಳಿದ್ದರು. ‘ಓದಲು ಅನುಕೂಲವಾಗಲಿ ಎಂದು’ ಎಂದು ಉತ್ತರ ಬರೆದೆ. ಫೈಲು ನಡೆದಿದೆ.

ಎರಡು ವಾರದ ಮೇಲೆ ಕಾಶೀಬಾಯಿ ಮತ್ತೆ ಬಂದಳು. ಐದನೆಯ ಟ್ಯಾಂಕರು ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಉಪಕಾರ ಸ್ಮರಿಸಲು ಬಂದಿರಬೇಕೆಂದು ನಾನು ಸಂಕೋಚದ ಒಂದು ಮುಖವನ್ನು ಸಿದ್ಧಮಾಡಿಕೊಂಡೆ. ಆಕೆಗೆ ಅದನ್ನು ನೋಡುವ ಪುರಸೊತ್ತಿರಲಿಲ್ಲ.

“ಬಾಯಾರ, ಅವತ್ತ ಓದಿದ್ರೆಲ್ಲ, ತಲೆಗೆ ಇಷ್ಟು ಲೀಟರ್ ಅಂತ. ಅದನ್ನ ಯಾರ ಎಣಿಸ್ಯಾರ್ರಿ? ಬಿಸಲ ಕಡಿಮಿ ಇದ್ದಾಗೂ ಅಷ್ಟ, ಉರಿಬಿಸಲಾಗೂ ಅಷ್ಟ. ಗಂಡಸಿಗೂ ಅಷ್ಟ, ಬಾಣಂತಿಗೂ ಅಷ್ಟ. ಹೆಂಗ್ರಿ?”

ಶೀಟು ತೆರೆದು ಕೆ-ಐದನ್ನು ನೋಡಿದೆ. ಒಂದು ಅಂಕಿ, ಅದರ ಮೇಲೆ ನಾನೇ ಇಟ್ಟ ಹೆಸರು, ಅಷ್ಟೇ. ಮಾನದಂಡ, ಮಾರ್ಗಸೂಚಿ, ಪ್ರಮಾಣಿತ ಬಳಕೆ ಎಂದು ಮೂರು ಪದಗಳು ನಾಲಿಗೆಯ ತುದಿಗೆ ಓಡಿ ಬಂದವು. ಮೂರರಲ್ಲಿ ಯಾವುದಾದರೂ ಒಂದು ಆಕೆಯನ್ನು ಬಸ್ಸು ಹತ್ತಿಸಿ ಕಳಿಸಬಲ್ಲದು ಎಂದು ನನಗೆ ಗೊತ್ತಿತ್ತು.

“ನನಗ ಗೊತ್ತಿಲ್ರಿ,” ಎಂದೆ.

ಕಾಶೀಬಾಯಿ ಕುರ್ಚಿ ಎಳೆದುಕೊಂಡು, ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನೆದುರು ಕೂತಳು.

“ಈ ಕಚೇರ್ಯಾಗ ನನಗ ತಿಳಿಯೂವಂಥಾ ಮಾತ ಇವತ್ತ ಮೊದಲನೇದ್ದ ನೋಡ್ರಿ,” ಎಂದಳು.